ಅಂಗಡಿ ಇದ್ದವರು ಚುನಾವಣೆಗೆ ನಿಲ್ಲಬಹುದು: ಒಂದು ಸ್ಪಷ್ಟನೆ

ವ್ಯಾಪಾರಿಗಳ ಕಷ್ಟ, ಬೆಲೆ ಏರಿಕೆ ಅಂತ ವಿಧಾನಸಭೆಗೆ ನಿಲ್ಲಲು ಹೊರಟ ಅಂಗಡಿಯವರೊಬ್ಬರ ಬಗ್ಗೆ ಕೇರಳದ ಗಡಿಭಾಗದ ಉಪ್ಪಳ, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. “ಜಿಎಸ್‌ಟಿ ನಂಬರ್ ಇದ್ದವರ ನಾಮಪತ್ರ ತಿರಸ್ಕಾರ ಆಗುತ್ತದೆ, ಠೇವಣಿ 25,000” ಅಂತ. ಎರಡೂ ತಪ್ಪು.

ವ್ಯಾಪಾರ ಮಾಡುವುದು ಅನರ್ಹತೆಯಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 9ಎ ಸೆಕ್ಷನ್ ತಡೆಯುವುದು ಸರ್ಕಾರಿ ಗುತ್ತಿಗೆಯನ್ನು. ರಾಜ್ಯ ಸರ್ಕಾರಕ್ಕೆ ಸಾಮಾನು ಪೂರೈಸುವ ಅಥವಾ ಕಾಮಗಾರಿ ಮಾಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಮಾತ್ರ ತೊಂದರೆ. ಕೆಲಸ ಪೂರ್ತಿ ಮುಗಿಸಿ ಬಿಲ್ ಬಾಕಿ ಇದ್ದರೆ ಅದೂ ಅಡ್ಡಿಯಲ್ಲ. (ಬಾಕಿ ಬಿಲ್ಲಿಗೆ ಕಾದು ಕೂತವರಿಗೆ ಅಷ್ಟಾದರೂ ಸಮಾಧಾನ!) ಸುಮ್ನೆ ದಿನಸಿ ಅಂಗಡಿ, ಬೇಕರಿ ನಡೆಸುವವರಿಗೆ ಇದು ತಾಗುವುದೇ ಇಲ್ಲ.

25,000 ರೂಪಾಯಿ ಲೋಕಸಭೆಯ ಠೇವಣಿ. ವಿಧಾನಸಭೆಗೆ 10,000, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000.

ಗಡಿಯವರು ನೋಡಿಕೊಳ್ಳಬೇಕಾದ್ದು ಬೇರೆ ಇದೆ. ವಯಸ್ಸು 25 ಆಗಿರಬೇಕು, ಕೇರಳದ ಮತದಾರರ ಪಟ್ಟಿಯಲ್ಲೇ ಹೆಸರಿರಬೇಕು. ಅಂಗಡಿ ಉಪ್ಪಳದಲ್ಲಿ, ವೋಟು ಮಂಗಳೂರಿನಲ್ಲಿ ಅಂದರೆ ನಡೆಯದು. ಪಕ್ಷೇತರರಿಗಾದರೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ಸಹಿ ಹಾಕಬೇಕು.

ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.