ಏಜೆಂಟ್‌ಗೆ ಕೋಡ್ ಕಾಣಿಸುವುದಿಲ್ಲ, ನೀವು ಬರೆದ ವಿವರಣೆ ಮಾತ್ರ ಕಾಣಿಸುತ್ತದೆ

ನಮ್ಮದೊಂದು ಏಜೆಂಟ್ ಇದೆ, ಅಂದರೆ ಕೇಳಿದ ಕೆಲಸವನ್ನು ತಾನೇ ಮಾಡುವ ಎಐ ಸಹಾಯಕ. ಅದರ ಒಳಗಿನ ಎಐ ಮಾಡೆಲ್‌ಗೆ ಎರಡು ದಿನ ಬೈಯುತ್ತಾ ಕೂತಿದ್ದೆವು. ಕೇಳಿದ್ದು ಸುಲಭದ ಪ್ರಶ್ನೆ: ಮಾರ್ಚ್ 4ರಂದು ಈ ಗ್ರಾಹಕರ ಆರ್ಡರ್ ಏನಾದರೂ ಇದೆಯಾ? ಏಜೆಂಟ್ ಟೂಲ್ (ಆರ್ಡರ್ ಹುಡುಕಲು ನಾವು ಬರೆದುಕೊಟ್ಟ ಪ್ರೋಗ್ರಾಂ) ಕರೆಯಿತು, "ಆ ದಿನ ಯಾವ ಆರ್ಡರೂ ಇಲ್ಲ" ಎಂದಿತು. ಡೇಟಾಬೇಸ್‌ನಲ್ಲಿ ಮೂರು ಆರ್ಡರ್ ಇದ್ದವು. ಮಾಡೆಲ್ ಬದಲಾಯಿಸಿದೆವು. ಪ್ರಾಂಪ್ಟ್‌ನಲ್ಲಿ "ಸರಿಯಾಗಿ ನೋಡಿ ಹೇಳು" ಅಂತ ಸೇರಿಸಿದೆವು. ಮತ್ತೆ ಅದೇ ಉತ್ತರ.

ಕೊನೆಗೆ ಲಾಗ್ ತೆಗೆದರೆ, ಏಜೆಂಟ್ ಕಳಿಸಿದ್ದು 04/03/2025. ನಮ್ಮ ಕೋಡ್ ತಿಂಗಳನ್ನು ಮೊದಲು ಓದಿಕೊಂಡು ಏಪ್ರಿಲ್ 3ರ ಆರ್ಡರ್ ಹುಡುಕಿತ್ತು. ಟೂಲ್‌ನ ವಿವರಣೆಯಲ್ಲಿ ಇದ್ದದ್ದು ಒಂದೇ ಸಾಲು: "ಆರ್ಡರ್‌ಗಳನ್ನು ತರುತ್ತದೆ." ಪ್ಯಾರಾಮೀಟರ್ (ಟೂಲ್‌ಗೆ ಕೊಡಬೇಕಾದ ಮಾಹಿತಿ) ಪಕ್ಕದಲ್ಲಿ "ದಿನಾಂಕ, ಸ್ಟ್ರಿಂಗ್", ಅಂದರೆ ಬರೀ ಅಕ್ಷರಗಳ ಸಾಲು. ಅದನ್ನು ಬರೆದದ್ದು ನಾನು. ಮಾಡೆಲ್‌ನದು ಏನೂ ತಪ್ಪಿರಲಿಲ್ಲ.

ಓಪನ್‌ಎಐ 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ ತಂದಿತು, ಅಂದರೆ ಮಾಡೆಲ್ ಟೂಲ್ ಕರೆಯುವ ವ್ಯವಸ್ಥೆ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಎಂಸಿಪಿ (ಎಐ ಆ್ಯಪ್‌ಗಳಿಗೆ ಟೂಲ್‌ಗಳನ್ನು ಜೋಡಿಸುವ ಮುಕ್ತ ಮಾನದಂಡ) ಬಿಡುಗಡೆ ಮಾಡಿತು. ಎರಡರಲ್ಲೂ ಒಳಗಿನ ಲೆಕ್ಕ ಒಂದೇ. ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಜೇಸನ್ ಸ್ಕೀಮಾ (ಯಾವ ಮಾಹಿತಿ ಯಾವ ರೂಪದಲ್ಲಿರಬೇಕು ಅನ್ನುವ ಪಟ್ಟಿ), ಇಷ್ಟು ಮಾಡೆಲ್‌ನ ಕೈಗೆ ಸಿಗುತ್ತದೆ. ನೀವು ಎಷ್ಟೇ ಚೆನ್ನಾಗಿ ಕೋಡ್ ಬರೆದಿರಿ, ಅದಕ್ಕೆ ಕಾಣಿಸುವುದಿಲ್ಲ. ಹೊಸದಾಗಿ ಸೇರಿದ ಡೆವಲಪರ್ ಆದರೆ ಪಕ್ಕದವರನ್ನು ಕೇಳುತ್ತಾರೆ, ಕೋಡ್ ತೆರೆದು ನೋಡುತ್ತಾರೆ. ಏಜೆಂಟ್ ಸಾಮಾನ್ಯವಾಗಿ ಕೇಳುವುದಿಲ್ಲ, ಊಹೆ ಮಾಡಿ ಮುಂದೆ ಹೋಗುತ್ತದೆ.

ಆ ಒಂದು ಸಾಲನ್ನು ನಾವು ಹೀಗೆ ತಿದ್ದಿದೆವು:

"ಒಬ್ಬ ಗ್ರಾಹಕರ ಒಂದು ದಿನದ ಆರ್ಡರ್‌ಗಳನ್ನು ಹುಡುಕುತ್ತದೆ. ಗ್ರಾಹಕರ ಐಡಿ ಬೇಕು. ಹೆಸರು ಮಾತ್ರ ಗೊತ್ತಿದ್ದರೆ ಮೊದಲು ಗ್ರಾಹಕರನ್ನು ಹುಡುಕುವ ಟೂಲ್ ಬಳಸಿ. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಬೇಕು, ಉದಾಹರಣೆಗೆ 2025-03-04. ಒಂದು ಸಲಕ್ಕೆ 50 ಆರ್ಡರ್ ಮಾತ್ರ ಬರುತ್ತವೆ. ರದ್ದಾದ ಆರ್ಡರ್‌ಗಳು ಇದರಲ್ಲಿ ಸೇರುವುದಿಲ್ಲ."

ಇದರಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸುವುದು ಆ ಕೊನೆಯ ಸಾಲು. ಟೂಲ್ ಏನು ಮಾಡುತ್ತದೆ ಅಂತ ಹೇಗೋ ಎಲ್ಲರೂ ಬರೆಯುತ್ತಾರೆ. ಏನು ಮಾಡುವುದಿಲ್ಲ, ಯಾವಾಗ ಇದನ್ನು ಕರೆಯಬಾರದು ಅನ್ನುವುದು ಬರೆದವರ ತಲೆಯಲ್ಲೇ ಉಳಿದುಬಿಡುತ್ತದೆ. ಆ ಸಾಲು ಇಲ್ಲದಿದ್ದರೆ, ರದ್ದಾದ ಆರ್ಡರ್ ಬಗ್ಗೆ ಯಾರಾದರೂ ಕೇಳಿದಾಗ ಏಜೆಂಟ್ ಖಾಲಿ ಪಟ್ಟಿ ನೋಡಿ "ಅಂಥ ಆರ್ಡರೇ ಇಲ್ಲ" ಅನ್ನುತ್ತದೆ. ಅಷ್ಟು ಖಚಿತವಾಗಿ ಹೇಳಿದರೆ ಕೇಳಿದವರು ನಂಬುತ್ತಾರೆ, ಅಲ್ವಾ?

ಹೆಸರಿನ ವಿಷಯಕ್ಕೂ ಇದೇ ಮಾತು. ಪ್ಯಾರಾಮೀಟರ್‌ಗೆ ಸುಮ್ನೆ "ಯೂಸರ್" ಅಂತ ಇಟ್ಟರೆ ಹೆಸರು ಕೊಡಬೇಕೋ, ಈಮೇಲ್ ಕೊಡಬೇಕೋ, ಐಡಿ ಕೊಡಬೇಕೋ? "ಯೂಸರ್ ಐಡಿ" ಅಂತ ಇಟ್ಟರೆ ಗೊಂದಲ ಅಲ್ಲಿಗೇ ಮುಗಿಯಿತು. ಮೂರೇ ಮೌಲ್ಯಗಳು ಇರಬಹುದು ಅಂತಾದರೆ ಸ್ಕೀಮಾದಲ್ಲೇ ಈನಮ್ (ಒಪ್ಪುವ ಮೌಲ್ಯಗಳ ಪಟ್ಟಿ) ಕೊಡಿ. ಒಂದೇ ಥರದ ಎರಡು ಟೂಲ್ ಇದ್ದರೆ, ನಿಮಗೇ ಯಾವುದು ಯಾವಾಗ ಅಂತ ಥಟ್ಟನೆ ಹೇಳಲು ಬಾರದಿದ್ದರೆ, ಎರಡನ್ನೂ ಸೇರಿಸಿ ಒಂದು ಮಾಡಿ.

ವಿವರಣೆ ಉದ್ದವಾದರೆ ಟೋಕನ್ (ಮಾಡೆಲ್ ಓದುವ, ಬರೆಯುವ ಪಠ್ಯದ ತುಣುಕು) ಖರ್ಚು ಜಾಸ್ತಿ ಅನ್ನುವವರಿದ್ದಾರೆ. ನಿಜ, ಟೂಲ್‌ಗಳ ವಿವರಣೆಯೆಲ್ಲ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಮಾಡೆಲ್ ಒಮ್ಮೆಗೆ ನೋಡಬಲ್ಲ ಪಠ್ಯದಲ್ಲಿ, ಜಾಗ ತಿನ್ನುತ್ತದೆ. ಆದರೆ ತಪ್ಪು ಟೂಲ್ ಕರೆದು, ಎರರ್ ತಿಂದು, ಮತ್ತೆ ಕರೆಯುವುದಕ್ಕೂ ಟೋಕನ್ ಬೇಕಲ್ಲ. ಉಳಿಸಬೇಕಾದರೆ ಬೇಡದ ಟೂಲ್‌ಗಳನ್ನು ತೆಗೆದುಹಾಕಿ, ಬೇಕಾದ ಟೂಲ್‌ನ ವಿವರಣೆಯಲ್ಲಿ ಜಿಪುಣತನ ಬೇಡ.

ಎರರ್ ಮೆಸೇಜ್ ಕೂಡ ವಿವರಣೆಯ ಭಾಗವೇ ಅಂತ ನಾನು ನಂಬಿದ್ದೇನೆ. ಬರೀ "400" (ಕೋರಿಕೆ ಸರಿಯಿಲ್ಲ ಅನ್ನುವ ಎರರ್ ಸಂಖ್ಯೆ) ಅಂತ ವಾಪಸ್ ಕಳಿಸಿದರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. "ದಿನಾಂಕ ಅರ್ಥವಾಗಲಿಲ್ಲ, 2025-03-04 ಥರ ಕೊಡಿ" ಅಂದರೆ ಮುಂದಿನ ಸಲ ಬಹುತೇಕ ಸರಿಯಾಗಿ ಕಳಿಸುತ್ತದೆ. ಈಗ ನಮ್ಮ ಟೂಲ್ 04/03/2025 ಬಂದರೆ ಊಹಿಸಲು ಹೋಗುವುದೇ ಇಲ್ಲ, ಹೀಗೆ ಹೇಳಿ ವಾಪಸ್ ಕಳಿಸುತ್ತದೆ.

ಒಂದು ಕಡೆ ಮಾತ್ರ ವಿವರಣೆಯನ್ನು ನೆಚ್ಚಿಕೊಳ್ಳಬೇಡಿ. ಡೇಟಾ ಅಳಿಸುವ ಟೂಲ್‌ಗೆ "ಬಳಕೆದಾರರು ಒಪ್ಪಿದ ಮೇಲೆ ಮಾತ್ರ ಕರೆಯಿರಿ" ಅಂತ ಬರೆದರೆ ಸಾಲದು. ಕೋಡೇ ಆ ಕೆಲಸವನ್ನು ತಡೆದು ಬಳಕೆದಾರರ ಒಪ್ಪಿಗೆ ಕೇಳಬೇಕು.

ಈಗ ನಮ್ಮ ತಂಡದಲ್ಲಿ ಹೊಸ ಟೂಲ್ ಬಂದರೆ, ಕೋಡ್ ನೋಡದ ಒಬ್ಬರಿಗೆ ಅದರ ವಿವರಣೆ ಮಾತ್ರ ಕೊಡುತ್ತೇವೆ. ಇದನ್ನು ಯಾವಾಗ ಕರೆಯುತ್ತೀರಿ, ಏನು ಕಳಿಸುತ್ತೀರಿ, ಏನು ವಾಪಸ್ ಬರುತ್ತದೆ ಅಂತ ಕೇಳುತ್ತೇವೆ. ಅವರು ಒಂದು ಕಡೆ ತಡವರಿಸಿದರೂ ವಿವರಣೆ ಬರೆದವರ ಹತ್ತಿರ ವಾಪಸ್ ಹೋಗುತ್ತದೆ. ಹೋದ ವಾರ ನನ್ನದೇ ಒಂದು ವಿವರಣೆ ಎರಡು ಸಲ ವಾಪಸ್ ಬಂತು.