ತೊಟ್ಟಿಲಲ್ಲಿ ಇಟ್ಟ ಹೆಸರು ಕಾಗದದಲ್ಲಿರಲಿಲ್ಲ

ಮಗಳಿಗೆ ಆಗ ಹದಿನಾಲ್ಕು ತಿಂಗಳು. ಅತ್ತೆಗೆ ಹುಷಾರಿಲ್ಲವೆಂದು ಮಂಗಳೂರಿನಿಂದ ಮುಂಬೈಗೆ ನಾನೊಬ್ಬಳೇ ಅವಳನ್ನು ಎತ್ತಿಕೊಂಡು ಹೊರಟಿದ್ದೆ. ಬೆಳಗಿನ ವಿಮಾನ; ಗುಡ್ಡದ ಮೇಲಿನ ನಿಲ್ದಾಣ ತಲುಪಿದಾಗ ಇನ್ನೂ ಕತ್ತಲೆ. ಬಾಗಿಲಿನಲ್ಲಿದ್ದ ಭದ್ರತಾ ಸಿಬ್ಬಂದಿ ನನ್ನ ಆಧಾರ್ ಮತ್ತು ಟಿಕೆಟ್ ನೋಡಿ ಒಳಗೆ ಬಿಟ್ಟರು. ಮಗುವಿನ ಬಗ್ಗೆ ಏನನ್ನೂ ಕೇಳಲಿಲ್ಲ. ದಾಖಲೆಯ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಚೆಕ್-ಇನ್ ಕೌಂಟರಿನಲ್ಲಿ "ಮಗುವಿನ ವಯಸ್ಸಿಗೆ ದಾಖಲೆ ಕೊಡಿ ಮೇಡಂ" ಎಂದರು. ಮೊಬೈಲಿನಲ್ಲಿದ್ದ ಜನನ ಪ್ರಮಾಣಪತ್ರ ತೋರಿಸಿದೆ. ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ತಾಯಿಯ ಹೆಸರಿನ ಮುಂದೆ ನನ್ನ ತವರಿನ ಇನಿಷಿಯಲ್; ಆಧಾರ್‌ನಲ್ಲಿ ಗಂಡನ ಹೆಸರು. "ಇದು ಇದೇ ಮಗುವಿನದು ಎಂದು ಹೇಗೆ ತಿಳಿಯುವುದು? ದಾಖಲೆ ಇಲ್ಲದಿದ್ದರೆ ಪೂರ್ಣ ಟಿಕೆಟ್ ಆಗುತ್ತದೆ" ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು, ಮಗಳು ಹಸಿದು ಅಳುತ್ತಿದ್ದಳು. ಕೊನೆಗೆ ಅಮ್ಮನನ್ನು ಎಬ್ಬಿಸಿ ಕಪಾಟಿನಲ್ಲಿದ್ದ ತಾಯಿ ಕಾರ್ಡ್‌ನ ಫೋಟೋ ತರಿಸಿಕೊಂಡೆ. ಲಸಿಕೆಗಳ ಪುಟದಲ್ಲಿ ಮಗಳ ಹೆಸರಿತ್ತು, ಹುಟ್ಟಿದ ದಿನವೂ ಇತ್ತು. ಮೇಲ್ವಿಚಾರಕರೊಬ್ಬರು ಬಂದು ಎರಡನ್ನೂ ಹೊಂದಿಸಿ ನೋಡಿ ಒಪ್ಪಿಕೊಂಡರು. ಆ ಇಪ್ಪತ್ತು ನಿಮಿಷ ನಾನು ಪಟ್ಟ ಸಂಕಟ ಇನ್ನೊಬ್ಬ ತಾಯಿಗೆ ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬಾಗಿಲಲ್ಲಿ ಕೇಳದ್ದನ್ನು ಕೌಂಟರಿನಲ್ಲಿ ಏಕೆ ಕೇಳುತ್ತಾರೆ ಎಂಬುದು ಆಮೇಲೆ ತಿಳಿಯಿತು. ಬಾಗಿಲಲ್ಲಿ ನೋಡುವುದು ಯಾರು ಒಳಗೆ ಬರುತ್ತಿದ್ದಾರೆ ಎಂಬುದನ್ನು. ಗುರುತಿನ ಚೀಟಿ ಇರುವ ತಂದೆತಾಯಿಯ ಜೊತೆಗಿದ್ದರೆ ಮಗುವಿಗೆ ಪ್ರತ್ಯೇಕ ಗುರುತಿನ ಚೀಟಿ ಬೇಡವೆಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರಲ್ಲೇ ಹೇಳಿದೆ. ಕೌಂಟರಿನಲ್ಲಿ ನೋಡುವುದು ವಯಸ್ಸನ್ನು. ಎರಡು ವರ್ಷ ತುಂಬದ ಮಗು ಮಾತ್ರ ಮಡಿಲಲ್ಲಿ ಕೂತು ಕಡಿಮೆ ದರದಲ್ಲಿ ಹೋಗಬಹುದು. ಹಾಗಾಗಿ ಆ ಪುರಾವೆ ವಿಮಾನ ಸಂಸ್ಥೆಗೆ ಬೇಕು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಲಸಿಕೆ ಕಾರ್ಡ್ ಇವುಗಳಲ್ಲಿ ಒಂದಿದ್ದರೆ ಸಾಮಾನ್ಯವಾಗಿ ಒಳನಾಡಿನ ಪ್ರಯಾಣಕ್ಕೆ ಸಾಕು. "ಬಾಗಿಲಲ್ಲಿ ಏನೂ ಕೇಳಲಿಲ್ಲ" ಎಂಬ ಪರಿಚಯದವರ ಮಾತನ್ನು ನಂಬಿ ಬರಿಗೈಯಲ್ಲಿ ಹೊರಡಬೇಡಿ. ಅವರು ಹೇಳಿದ್ದು ನಿಜವೇ, ಆದರೆ ಅದು ಅರ್ಧ ದಾರಿಯ ಮಾತು.

ನನ್ನ ತೊಂದರೆ ಶುರುವಾದದ್ದು ವಿಮಾನ ನಿಲ್ದಾಣದಲ್ಲಿ ಅಲ್ಲ, ಹೆರಿಗೆಯಾದ ವಾರದಲ್ಲಿ. ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿ ಆಗಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಾಮಕರಣ ನಡೆಯುವುದು ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ. ಆದ್ದರಿಂದ ಆಸ್ಪತ್ರೆಯಿಂದ ಹೋಗುವ ಮಾಹಿತಿಯಲ್ಲಿ ಮಗುವಿಗೆ ಹೆಸರೇ ಇರುವುದಿಲ್ಲ. ನಮ್ಮ ಮನೆಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ನೂರೈವತ್ತು ಜನ ಬಂದಿದ್ದರು. ಕಿವಿಯಲ್ಲಿ ಕುಲದೇವರ ಹೆಸರು, ನಕ್ಷತ್ರದ ಹೆಸರು, ಕರೆಯುವ ಹೆಸರು ಎಂದು ಮೂರು ಬಾರಿ ಹೇಳಿದೆವು. ಆ ಹೆಸರನ್ನು ನೋಂದಣಿ ಕಚೇರಿಗೂ ತಿಳಿಸಬೇಕು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹನ್ನೆರಡು ತಿಂಗಳೊಳಗೆ ಹೋದರೆ ಹೆಸರು ಸೇರಿಸಲು ಶುಲ್ಕವೂ ಇಲ್ಲ. ಆಮೇಲೆ ಶುಲ್ಕ ಕಟ್ಟಿ ಸೇರಿಸಬಹುದು, ಅದಕ್ಕೆ ಹದಿನೈದು ವರ್ಷದವರೆಗೆ ಅವಕಾಶವಿದೆ. ನಾವು ಹೋದದ್ದು ಹದಿನೈದನೆಯ ತಿಂಗಳಲ್ಲಿ, ಮುಂಬೈಯಿಂದ ಬಂದ ಮರುವಾರ.

ಈಗ ಈ ಕಾಗದದ ತೂಕ ಹೆಚ್ಚಿದೆ. 2023ರ ಅಕ್ಟೋಬರ್ 1 ಅಥವಾ ಅನಂತರ ಹುಟ್ಟಿದವರ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ. ವಿದೇಶಕ್ಕೆ ಹೋಗಲು ಹಾಲು ಕುಡಿಯುವ ಕೂಸಿಗೂ ತನ್ನದೇ ಪಾಸ್‌ಪೋರ್ಟ್ ಬೇಕು. ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. ಒಬ್ಬರ ಸಹಿ ಸಿಗದಿದ್ದರೆ ಅದಕ್ಕೆ ಬೇರೆಯೇ ನಮೂನೆಯಿದೆ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಪದ್ಧತಿ ಇಲ್ಲಿ ತುಂಬಾ ಕಾಡುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಒಂದರಲ್ಲಿ ಊರ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು ಬಂದರೆ ಸರಿಪಡಿಸಲು ಅಲೆಯಬೇಕಾದವರು ನಾವೇ. ಹೆಸರು ಸೇರಿಸುವ ಮೊದಲು ಒಂದು ಹಾಳೆಯಲ್ಲಿ ಮಗುವಿನ, ಅಪ್ಪನ, ಅಮ್ಮನ ಹೆಸರುಗಳನ್ನು ಆಧಾರ್‌ನಲ್ಲಿರುವ ಕಾಗುಣಿತದಂತೆಯೇ ಬರೆದುಕೊಂಡು ಹೋಗಿ.

ಅಮೆರಿಕದಲ್ಲಿರುವ ನನ್ನ ಗೆಳತಿಯದು ಬೇರೆಯೇ ಪಾಡು. ಅವಳ ಮಗ ಅಲ್ಲಿ ಹುಟ್ಟಿದ್ದರಿಂದ ಅವನದು ಅಲ್ಲಿನ ಪಾಸ್‌ಪೋರ್ಟ್. ಅಜ್ಜಿಯ ಮನೆಗೆ ಬರಲು ಅವನಿಗೆ ವೀಸಾ ಅಥವಾ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಬೇಕೆಂದು ಗೊತ್ತಾದದ್ದು ಟಿಕೆಟ್ ಕೊಂಡ ಮೇಲೆ.

ವಿಮಾನ ಸಂಸ್ಥೆಗಳ ಮೇಲೆ ನನಗೆ ಒಂದು ದೂರು ಉಳಿದೇ ಇದೆ. ಟಿಕೆಟ್ ಕೊಳ್ಳುವಾಗ ಮಗುವಿನ ಜನ್ಮದಿನಾಂಕ ಕೇಳಿ ಪಡೆಯುತ್ತಾರೆ. ಆ ಕ್ಷಣದಲ್ಲೇ "ಇಂಥ ದಾಖಲೆ ತನ್ನಿ" ಎಂದು ಕನ್ನಡದಲ್ಲಿ ಒಂದು ಸಂದೇಶ ಕಳುಹಿಸಲು ಏನು ಕಷ್ಟ? ನಿಯಮಗಳ ಪುಟದ ತಳದಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟರೆ ಎತ್ತಿಕೊಂಡ ಮಗುವಿನೊಂದಿಗೆ ಮೊದಲ ಬಾರಿ ವಿಮಾನ ಹತ್ತುವ ತಾಯಿಗೆ ಅದು ತಲುಪುವುದಿಲ್ಲ. ಕೌಂಟರಿನಲ್ಲಿದ್ದ ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳು ತನ್ನ ಕೆಲಸ ಮಾಡಿದಳು.

ನಿನ್ನೆ ರಾತ್ರಿ ನನ್ನ ತಮ್ಮ ಫೋನ್ ಮಾಡಿದ್ದ. ದೀಪಾವಳಿಗೆ ದೆಹಲಿಯಿಂದ ಊರಿಗೆ ಬರುತ್ತಿದ್ದಾನೆ. ಮಗನಿಗೆ ಎರಡು ವರ್ಷ ತುಂಬುವುದು ಹಬ್ಬದ ಮೂರನೆಯ ದಿನ, ವಾಪಸು ಹೋಗುವುದು ಐದನೆಯ ದಿನ. "ಬರುವಾಗ ಮಡಿಲು ಸಾಕು, ಹೋಗುವಾಗ ಅವನಿಗೆ ಸೀಟು ಬೇಕು, ಈಗಲೇ ಕಾದಿರಿಸು. ಪ್ರಮಾಣಪತ್ರದಲ್ಲಿ ಅವನ ಹೆಸರಿದೆಯಾ, ನೋಡಿ ಹೇಳು" ಎಂದೆ. ಅವನು ಹುಡುಕಲು ಎದ್ದು ಹೋದ. ಉತ್ತರಕ್ಕೆ ಕಾಯುತ್ತಿದ್ದೇನೆ.