ಸಿಲಿಂಡರ್ ಎಲ್ಲಿಡೋದಪ್ಪಾ?

ಅಡುಗೆಮನೆಗೆ ಹೊಸ ಕಪಾಟು ಮಾಡಿಸೋಣ ಅಂತ ಹೊರಟು ಮೂರು ತಿಂಗಳಾಯಿತು. ಡಿಸೈನ್ ಹುಡುಗ ಕಂಪ್ಯೂಟರಿನಲ್ಲಿ ತೋರಿಸಿದ ಚಿತ್ರದಲ್ಲಿ ವೈನ್ ಗ್ಲಾಸ್ ನೇತುಹಾಕಲು ಸ್ಟ್ಯಾಂಡ್ ಇದೆ, 14.2 ಕೆಜಿ ಸಿಲಿಂಡರಿಗೆ ಜಾಗ ಇಲ್ಲ! ಗ್ರೈಂಡರ್ ಎಲ್ಲಿಡಲಿ ಅಂದರೆ, "ಯುಟಿಲಿಟಿಯಲ್ಲಿ ಇಟ್ಕೊಳ್ಳಿ ಮೇಡಂ" ಅನ್ನುತ್ತಾನೆ. ವಾರಕ್ಕೆ ನಾಲ್ಕು ದಿನ ದೋಸೆ ತಿನ್ನೋ ಮನೆ ಕಣಪ್ಪ ಇದು.

ಸಿಂಕ್ ಕೆಳಗೆ ನೀರು ತಡೆಯೋ ಬಿಡಬ್ಲ್ಯುಪಿ 710 ಪ್ಲೈವುಡ್ಡೇ ಬೇಕು ಅಂತ ಬಾಯಿಬಿಟ್ಟು ಹೇಳಿದ್ದೆ. ಕೊಟೇಶನ್ನಿನಲ್ಲಿ ಸುಮ್ನೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅಂತ ಬರೆದು ಕಳಿಸಿದ್ದಾರೆ. ಹಿಂದಿನ ಬಾಡಿಗೆ ಮನೆಯಲ್ಲಿ ಅದು ಒಂದೇ ಮಳೆಗಾಲಕ್ಕೆ ಕಾಫಿಗೆ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು, ಬಾಗಿಲು ಮುಚ್ಚುತ್ತಲೇ ಇರಲಿಲ್ಲ.

ಇದರ ಮಧ್ಯೆ ಅತ್ತೆ ದಿನಾ ಕೇಳುತ್ತಾರೆ: "ಕಡಪಾ ಕಲ್ಲು ಹಾಕಿಸಿದ್ರೆ ಸಾಕಿತ್ತು, ಅಲ್ವಾ?"